ಲಾಕ್‌ಡೌನ್ ಎಷ್ಟು, ಬಿಸಿಲು ಎಷ್ಟು: ತಾರಸಿಯ ಮೇಲಿನ ಒಂದು ಲೆಕ್ಕ

2020ರ ಲಾಕ್‌ಡೌನಿನಲ್ಲಿ ನಮ್ಮೂರಿನ ಗಾಳಿ ತಿಳಿಯಾದದ್ದರಲ್ಲಿ ಬಂದ್‌ನ ಪಾಲೆಷ್ಟು, ಹವಾಮಾನದ ಪಾಲೆಷ್ಟು ಎಂದು ಲೆಕ್ಕ ಹಾಕಿದ ಕಥೆ ಇದು. ನಮ್ಮ ಮನೆ ಬೆಂಗಳೂರಿನ ಕಾಮಾಕ್ಷಿಪಾಳ್ಯದ ಅಂಚಿನಲ್ಲಿದೆ. ಸುತ್ತ ಪುಟ್ಟ ಪುಟ್ಟ ವರ್ಕ್‌ಶಾಪುಗಳು: ಲೇತ್ ಇಟ್ಟವರು, ಪಾಲಿಶ್ ಹಾಕುವವರು, ಪೌಡರ್ ಕೋಟಿಂಗ್‌ನವರು. ಎರಡು ತಿರುವು ದಾಟಿದರೆ ಮಾಗಡಿ ರಸ್ತೆ. ಪಾಲಿಟೆಕ್ನಿಕ್ ಒಂದರಲ್ಲಿ ಇನ್‌ಸ್ಟ್ರುಮೆಂಟೇಶನ್ ಪಾಠ ಮಾಡುವುದು ನನ್ನ ಕೆಲಸ. 2018ರ ಕೊನೆಯಲ್ಲಿ ಫೈನಲ್ ಇಯರ್ ಹುಡುಗರ ಪ್ರಾಜೆಕ್ಟಿಗೆಂದು ತರಿಸಿದ್ದ ಧೂಳು ಅಳೆಯುವ ಲೇಸರ್ ಸೆನ್ಸರ್ ಒಂದು ನನ್ನ ಬಳಿ ಉಳಿದುಕೊಂಡಿತ್ತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಒಳಗಿರುವ ಪುಟಾಣಿ ಫ್ಯಾನು ಗಾಳಿ ಎಳೆದುಕೊಳ್ಳುತ್ತದೆ, ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುತ್ತದೆ, ಎಷ್ಟು ಚದುರಿತು ಎಂಬುದರ ಮೇಲೆ ಅದು ಪಿಎಂ 2.5, ಅಂದರೆ ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು, ಇಷ್ಟಿದೆ ಎಂದು ಅಂದಾಜು ಹೇಳುತ್ತದೆ. ಅಂದಾಜು ಅನ್ನುವ ಮಾತು ನೆನಪಿರಲಿ. ಅದಕ್ಕೊಂದು ವೈಫೈ ಬೋರ್ಡ್ ಜೋಡಿಸಿ, ಐಸ್‌ಕ್ರೀಂ ಡಬ್ಬಿಯ ತಳಕ್ಕೆ ತೂತು ಕೊರೆದು ಒಳಗಿಟ್ಟು, 2019ರ ಸಂಕ್ರಾಂತಿ ಕಳೆದ ವಾರ ತಾರಸಿಯ ಮೇಲೆ ತುಳಸಿ ಕಟ್ಟೆಯ ಪಕ್ಕದ ಗೋಡೆಗೆ ಕಟ್ಟಿದೆ. ಅಮ್ಮನಿಗೆ ಉಬ್ಬಸ. ಯಾವ ಹೊತ್ತಿನಲ್ಲಿ ಕಿಟಕಿ ತೆಗೆದಿಟ್ಟರೆ ಒಳ್ಳೆಯದು ಎಂದು ತಿಳಿದರೆ ಸಾಕಿತ್ತು ನನಗೆ. ಲಾಕ್‌ಡೌನ್ ಎಂಬ ಪದವೇ ಆಗ ನಮ್ಮ ಬಾಯಲ್ಲಿರಲಿಲ್ಲ.

ಹಾಗಾಗಿ 2020ರ ಮಾರ್ಚ್ ಬಂದಾಗ ನನ್ನ ಬಳಿ ಹದಿನಾಲ್ಕು ತಿಂಗಳ ಡೇಟಾ ಇತ್ತು. ತೂತುಗಳಿಲ್ಲದ್ದೇನಲ್ಲ. ಕರೆಂಟು ಹೋದ ದಿನಗಳಿವೆ, ವೈಫೈ ಕೈಕೊಟ್ಟ ದಿನಗಳಿವೆ, ಡಬ್ಬಿಯೊಳಗೆ ಹಲ್ಲಿ ಸಂಸಾರ ಹೂಡಿದ ಒಂಬತ್ತು ದಿನಗಳೂ ಇವೆ.

ಮಾರ್ಚ್ 22ರ ಜನತಾ ಕರ್ಫ್ಯೂ, 25ರಿಂದ ದೇಶವೆಲ್ಲ ಬಂದ್. ಮಾಗಡಿ ರಸ್ತೆಯ ಸದ್ದಿಲ್ಲದ ಬೆಳಗ್ಗೆ ಹೇಗಿರುತ್ತದೆ ಎಂದು ನನಗೆ ಐವತ್ತು ದಾಟಿದ ಮೇಲೆ ಗೊತ್ತಾಯಿತು. ಲೇತ್‌ಗಳ ಕಿರುಚಾಟವಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಜಲಂಧರ್‌ನ ಮನೆಗಳ ಮೇಲಿಂದ ಧೌಲಾಧಾರ್ ಹಿಮಶಿಖರಗಳು ಕಾಣುತ್ತಿರುವ ಫೋಟೋ ಎಲ್ಲರ ಮೊಬೈಲಿಗೂ ಬಂತು. ನಮ್ಮ ಬೀದಿಯವರೂ ಸಂಜೆ ತಾರಸಿ ಹತ್ತಿ, ಯಾವ ಬೆಟ್ಟ ಕಾಣುತ್ತದೆ ಎಂದು ಹುಡುಕತೊಡಗಿದರು. ಪಕ್ಕದ ಮನೆಯವರು ಕಟ್ಟೆಯಾಚೆಯಿಂದಲೇ ಕೂಗಿದರು: “ಸಾರ್, ನಿಮ್ ಮೆಷೀನ್ ಏನ್ ಹೇಳುತ್ತೆ?”

ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್‌ನಲ್ಲಿ ಎರಡು ಸರಾಸರಿ ಹಾಕಿದೆ. ಮಾರ್ಚ್ 1ರಿಂದ 21ರವರೆಗಿನದು ಒಂದು, 25ರಿಂದ ಏಪ್ರಿಲ್ 14ರವರೆಗಿನದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ಎಷ್ಟೋ ಕಡಿಮೆ. ಆ ಶೇಕಡಾವನ್ನು ಬೀದಿಯ ಗ್ರೂಪಿಗೆ ಹಾಕಿದೆ. ಕಾಲೇಜಿನ ಗ್ರೂಪಿಗೂ ಹಾಕಿದೆ. ಚಪ್ಪಾಳೆ ಬಂದವು. ಹಿಂದೆಯೇ ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಸಾಲು ಬಂತು: “ಹೋದ ವರ್ಷ ಇದೇ ದಿನಗಳಲ್ಲಿ ಎಷ್ಟು ಇಳಿದಿತ್ತು ಸಾರ್?”

ಪಾಠ ಹೇಳಿಕೊಟ್ಟವನಿಗೇ ತಿರುಗಿ ಪಾಠ. ನೋಡಿದೆ. 2019ರಲ್ಲೂ ಇಳಿದಿತ್ತು. ಆ ವರ್ಷ ರಸ್ತೆ ತುಂಬ ಬಸ್ಸು, ಲಾರಿ, ಆಟೋ ಇದ್ದವು, ಯಾವ ಬಂದ್ ಕೂಡ ಇರಲಿಲ್ಲ. ಇಳಿಕೆ 2020ರಷ್ಟು ದೊಡ್ಡದಲ್ಲ ನಿಜ. ಆದರೆ ನಾನು ಲಾಕ್‌ಡೌನ್ ಖಾತೆಗೆ ಪೂರ್ತಿ ಜಮಾ ಮಾಡಿದ್ದ ಹಣದಲ್ಲಿ ಬೇರೆ ಯಾರದೋ ಪಾಲಿತ್ತು.

ಬೇರೆ ಯಾರೋ ಅಂದರೆ ಬಿಸಿಲು. ಹಳೆಯ ಕಾಲದ ಅಡುಗೆಮನೆಯನ್ನು ನೆನೆಸಿಕೊಳ್ಳಿ. ಸೌದೆ ಒಲೆ ಒಂದೇ, ಹೊಗೆ ಅಷ್ಟೇ. ಸೂರು ತಗ್ಗಾಗಿದ್ದು ಗವಾಕ್ಷಿ ಮುಚ್ಚಿದ್ದರೆ ಕಣ್ಣುರಿ. ಸೂರು ಎತ್ತರವಿದ್ದರೆ ಅದೇ ಹೊಗೆ ಹಗುರ. ಊರಿನ ಮೇಲೂ ಗಾಳಿಯದೇ ಒಂದು ಸೂರಿದೆ. ನೆಲ ಕಾದಾಗ ಬಿಸಿಗಾಳಿ ಮೇಲೇರಿ ಸೂರನ್ನು ಎತ್ತುತ್ತದೆ, ಹೊಗೆ-ಧೂಳು ಅಷ್ಟೂ ಎತ್ತರದವರೆಗೆ ಬೆರೆತು ತೆಳುವಾಗುತ್ತದೆ. ರಾತ್ರಿ ನೆಲ ತಣ್ಣಗಾದಾಗ ಸೂರು ಕುಸಿಯುತ್ತದೆ. ಹವಾಮಾನದವರು ಇದನ್ನು ಮಿಶ್ರಣದ ಎತ್ತರ ಅನ್ನುತ್ತಾರೆ. ಡಿಸೆಂಬರ್-ಜನವರಿಯ ಇರುಳಲ್ಲಿ ಅದು ಒಂದೆರಡು ನೂರು ಮೀಟರಿಗೆ ಇಳಿಯುವುದುಂಟು, ಏಪ್ರಿಲ್ ಮಧ್ಯಾಹ್ನ ಎರಡು ಕಿಲೋಮೀಟರ್ ದಾಟುವುದೂ ಉಂಟು. ಬೆಂಗಳೂರಿಗೆ ವರ್ಷದ ಅತಿ ಬಿಸಿ ತಿಂಗಳು ಏಪ್ರಿಲ್. ಅಂದರೆ ಲಾಕ್‌ಡೌನ್ ಹೇರಿದ್ದು ಗಾಳಿಯ ಸೂರು ದಿನದಿನಕ್ಕೂ ಎತ್ತರವಾಗುತ್ತಿದ್ದ ಹೊತ್ತಿನಲ್ಲಿ. ಒಲೆಯನ್ನು ಅರ್ಧ ಆರಿಸಿದೆವು, ಅದೇ ವಾರ ಸೂರೂ ಮೇಲೇರಿತು. ಅಡುಗೆಮನೆ ತಿಳಿಯಾದದ್ದಕ್ಕೆ ಶ್ರೇಯಸ್ಸು ಯಾರಿಗೆ?

ಮಳೆಯ ಪಾಲೂ ಇದೆ. ಅಶ್ವಿನಿ ಮಳೆ ಏಪ್ರಿಲ್ ನಡುವೆ ಕೂಡುತ್ತದೆ, ಭರಣಿ ಏಪ್ರಿಲ್ ಕೊನೆಗೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಹೇಳುವ ಆ ಮಳೆ ನನ್ನ ಗ್ರಾಫಿನಲ್ಲಿ ಚಾಕುವಿನಿಂದ ಕುಯ್ದ ಹಾಗೆ ಕಾಣುತ್ತದೆ. ಸಂಜೆ ಗುಡುಗು, ಅರ್ಧ ಗಂಟೆ ಬಿರುಮಳೆ, ಗೆರೆ ಧೊಪ್ಪನೆ ಕೆಳಗೆ. ಮಳೆಗಿಂತ ಮುಂಚೆ ಬೀಸುವ ಬಿರುಗಾಳಿಯೇ ಅರ್ಧ ಕೆಲಸ ಮುಗಿಸಿರುತ್ತದೆ. ರಸ್ತೆಯ ಧೂಳು ಒದ್ದೆಯಾದರೆ ಮರುದಿನವೂ ಎದ್ದೇಳುವುದಿಲ್ಲ, ಹಾಗಾಗಿ ಪಿಎಂ 10ಕ್ಕೆ (ಹತ್ತು ಮೈಕ್ರಾನಿನವರೆಗಿನ ಧೂಳಿಗೆ) ಒಂದು ಮಳೆಯ ಲಾಭ ಎರಡು ದಿನ. ಇನ್ನು ಗಾಳಿಯ ದಿಕ್ಕು. ಚಳಿಗಾಲದಲ್ಲಿ ಪೂರ್ವ, ಈಶಾನ್ಯದಿಂದ ಬರುವ ಗಾಳಿ ನನ್ನ ಮನೆಗೆ ತಲುಪುವಷ್ಟರಲ್ಲಿ ಇಡೀ ಊರಿನ ಹೊಗೆ ಹೊತ್ತಿರುತ್ತದೆ. ಮೇ ಕಳೆಯುತ್ತಾ ಅದು ಪಶ್ಚಿಮಕ್ಕೆ ತಿರುಗಿ ಮಾಗಡಿ ಕಡೆಯಿಂದ ಬರತೊಡಗುತ್ತದೆ. ಆ ದಿಕ್ಕಿನಲ್ಲಿ ಊರು ಬೇಗ ಮುಗಿಯುತ್ತದೆ.

ಇಷ್ಟು ತಿಳಿದ ಮೇಲೆ ಗ್ರೂಪಿಗೆ ಹಾಕಿದ್ದ ಶೇಕಡಾವನ್ನು ಅಳಿಸಬೇಕೆನ್ನಿಸಿತು. ಅಷ್ಟರಲ್ಲಿ ಅದು ಯಾರ್‍ಯಾರ ಮೊಬೈಲಿಗೋ ಹೋಗಿಯಾಗಿತ್ತು.

ಸರಿಯಾದ ಪ್ರಶ್ನೆ ಇದು: ಅದೇ ಬಿಸಿಲು, ಅದೇ ಗಾಳಿ, ಅದೇ ಮಳೆ ಇದ್ದು ಬಂದ್ ಮಾತ್ರ ಇಲ್ಲದಿದ್ದರೆ 2020ರ ಏಪ್ರಿಲ್‌ನ ಗಾಳಿ ಹೇಗಿರುತ್ತಿತ್ತು? ಅದನ್ನು ಅಳೆದು ನೋಡಲಾಗದು, ಊಹಿಸಬೇಕು. ಕಾಲೇಜು ಮುಚ್ಚಿತ್ತು, ಆನ್‌ಲೈನ್ ಪಾಠ ಇನ್ನೂ ಶುರುವಾಗಿರಲಿಲ್ಲ. ಕೂತೆ.

ಮೊದಲು ಮಾಡಿದ್ದು ಜೋಡಿ ಹುಡುಕುವ ಕೆಲಸ. ಇದಕ್ಕೆ ಕೋಡಿಂಗ್ ಬೇಡ, ಎಕ್ಸೆಲ್ ಬಂದರೆ ಸಾಕು, ಯಾರೂ ಮಾಡಬಹುದು. ಲಾಕ್‌ಡೌನಿನ ಒಂದು ದಿನ ತೆಗೆದುಕೊಳ್ಳಿ. ಗಾಳಿಯ ವೇಗ, ದಿಕ್ಕು, ಮಧ್ಯಾಹ್ನದ ಉಷ್ಣತೆ, ತೇವಾಂಶ, ಹಿಂದಿನ ಎರಡು ದಿನ ಮಳೆ ಬಂದಿತ್ತೋ ಇಲ್ಲವೋ, ಇಷ್ಟೂ ಹೆಚ್ಚುಕಡಿಮೆ ಹೊಂದುವ ದಿನವನ್ನು 2019ರ ಮಾರ್ಚ್-ಮೇನಲ್ಲಿ ಹುಡುಕಿ. ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಡಿ. ನನಗೆ ಅರ್ಧದಷ್ಟು ದಿನಗಳಿಗೂ ಒಳ್ಳೆಯ ಜೋಡಿ ಸಿಗಲಿಲ್ಲ. ಜಾತಕ ಹೊಂದಿಸುವವರ ಕಷ್ಟ ಅರ್ಥವಾಯಿತು. ಆದರೂ ಸಿಕ್ಕಷ್ಟು ಜೋಡಿಗಳೇ ಒಂದು ವಿಷಯ ಹೇಳಿದವು: ಇಳಿಕೆ ಇದೆ, ನಾನು ಸಾರಿದಷ್ಟಿಲ್ಲ.

ಒಂದು ಡಬ್ಬಿಯ ಸೆನ್ಸರ್ ನಂಬಿ ಊರಿನ ಕಥೆ ಹೇಳುವುದು ಸರಿಯಲ್ಲ ಎಂದು ಸರ್ಕಾರಿ ಸ್ಟೇಷನ್‌ಗಳ ಡೇಟಾ ತೆಗೆದೆ. ಆಗ ಬೆಂಗಳೂರಿನಲ್ಲಿ ಗಂಟೆಗಂಟೆಗೂ ಅಳೆಯುವ ಸ್ಟೇಷನ್‌ಗಳು ಹತ್ತಿದ್ದವು: ಪೀಣ್ಯ, ಬಿಟಿಎಂ, ಕಾಡುಬೀಸನಹಳ್ಳಿ, ಸಿಟಿ ರೈಲ್ವೆ ಸ್ಟೇಷನ್, ನಮ್ಮ ಹತ್ತಿರದ ಸಾಣೇಗುರವನಹಳ್ಳಿ, ಹೆಬ್ಬಾಳ, ಜಯನಗರ, ಸಿಲ್ಕ್‌ಬೋರ್ಡ್, ಬಾಪೂಜಿನಗರ, ಹೊಂಬೇಗೌಡನಗರ. ಇವು ಲೇಸರ್ ಆಟಿಕೆಗಳಲ್ಲ. ಧೂಳನ್ನು ಕಾಗದದ ಪಟ್ಟಿಯ ಮೇಲೆ ಕೂರಿಸಿ ಬೀಟಾ ಕಿರಣವನ್ನು ಅದು ಎಷ್ಟು ತಡೆಯಿತು ಎಂದು ನೋಡುವ ಯಂತ್ರಗಳು. ನೈಟ್ರೋಜನ್ ಡೈಆಕ್ಸೈಡ್, ಓಝೋನ್‌ಗಳನ್ನೂ ಅಳೆಯುತ್ತವೆ. ನನ್ನ ಡಬ್ಬಿಗೆ ಅನಿಲಗಳ ಗಂಧವೇ ಇಲ್ಲ.

ಡೇಟಾ ಇಳಿಸಿಕೊಂಡ ತಕ್ಷಣ ಲೆಕ್ಕಕ್ಕೆ ಕೂರಬೇಡಿ. ವರ್ಷಗಟ್ಟಲೆ ಎಡೆಬಿಡದೆ ಅಳೆಯುವ ಯಾವ ಯಂತ್ರದ ದಾಖಲೆಯಲ್ಲೂ ಜಳ್ಳು ಇದ್ದೇ ಇರುತ್ತದೆ, ನನ್ನದರಲ್ಲಿ ಹಲ್ಲಿ ಇದ್ದ ಹಾಗೆ. ಒಂದೇ ಸಂಖ್ಯೆ ಹನ್ನೆರಡು ಗಂಟೆ ಅಲುಗಾಡದೆ ನಿಂತಿದ್ದರೆ ಅದು ಗಾಳಿಯಲ್ಲ, ಯಂತ್ರ ಸಿಕ್ಕಿಹಾಕಿಕೊಂಡದ್ದು. ಒಂದು ಬೆಳಗ್ಗೆಯಿಂದ ಇದ್ದಕ್ಕಿದ್ದಂತೆ ಎಲ್ಲ ಸಂಖ್ಯೆಯೂ ಒಂದು ಮೆಟ್ಟಿಲು ಕೆಳಗಿಳಿದು ಅಲ್ಲೇ ಉಳಿದರೆ ಅದು ಹೆಚ್ಚಾಗಿ ಕ್ಯಾಲಿಬ್ರೇಶನ್ ಆದ, ಅಂದರೆ ಯಂತ್ರದ ಅಳತೆಯನ್ನು ಸರಿತೂಗಿಸಿದ ದಿನ. ಅಂಥ ಮೆಟ್ಟಿಲು ಏಪ್ರಿಲ್ 2020ರಲ್ಲೇ ಬಿದ್ದಿದ್ದರೆ ಅದನ್ನೇ ಲಾಕ್‌ಡೌನ್ ಎಂದುಕೊಂಡು ಕುಣಿಯುತ್ತೀರಿ. ನೈಟ್ರೋಜನ್ ಆಕ್ಸೈಡ್‌ಗಳಿಗೆ ಒಂದು ಒಳ್ಳೆಯ ಪರೀಕ್ಷೆ ಇದೆ. ಎನ್‌ಒ (ನೈಟ್ರಿಕ್ ಆಕ್ಸೈಡ್) ಮತ್ತು ಎನ್‌ಒ2 (ನೈಟ್ರೋಜನ್ ಡೈಆಕ್ಸೈಡ್) ಘನಮೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂಬ ಲೆಕ್ಕದಲ್ಲಿ ಬರುತ್ತವೆ, ಇವೆರಡೂ ಸೇರಿದ ಎನ್‌ಒಎಕ್ಸ್ ಪಿಪಿಬಿಯಲ್ಲಿ, ಅಂದರೆ ನೂರು ಕೋಟಿ ಭಾಗ ಗಾಳಿಗೆ ಇಷ್ಟು ಭಾಗ ಎಂದು. ಎನ್‌ಒವನ್ನು 1.23ರಿಂದ, ಎನ್‌ಒ2ವನ್ನು 1.88ರಿಂದ ಭಾಗಿಸಿ ಕೂಡಿದರೆ ಮೂರನೆಯದಕ್ಕೆ ಹತ್ತಿರ ಬರಬೇಕು. ಬಾರದ ಗಂಟೆಗಳನ್ನು ಪಕ್ಕಕ್ಕಿಡಿ. ನಾನು ಮೊದಲ ಸಲ ಎರಡು ಅಳತೆಗಳನ್ನೂ ಒಂದೇ ಎಂದುಕೊಂಡು ಹಾಗೇ ಕೂಡಿದ್ದೆ. ಸೇರು-ಲೀಟರು ಬೆರೆಸಿ ಹಾಲಿನ ಲೆಕ್ಕ ಬರೆದ ಹಾಗೆ. ಎರಡು ದಿನದ ಕೆಲಸ ಹಾಳಾಯಿತು.

ಹೋಲಿಕೆಗೆ ಮಾರ್ಚ್ 1ರಿಂದ 21 ಎಂದು ಆರಿಸಿದ್ದೂ ತಪ್ಪೇ. ರಾಜ್ಯದಲ್ಲಿ ಮಾಲು, ಥಿಯೇಟರು, ಪಬ್ಬುಗಳು ಮಾರ್ಚ್ 14ಕ್ಕೇ ಮುಚ್ಚಿದ್ದವು. ಐಟಿಯವರು ಮನೆಯಿಂದ ಕೆಲಸ ಶುರುಮಾಡಿದ್ದರು. ಅಂದರೆ ನನ್ನ ‘ಮುಂಚೆ’ಯೊಳಗೇ ‘ಆಮೇಲೆ’ ನುಸುಳಿತ್ತು. ಹೋಲಿಕೆಯ ಗಡಿಯನ್ನು ಫೆಬ್ರವರಿ ಕೊನೆಗೆ ಎಳೆದೆ. ಇನ್ನೊಂದು ಸಿಕ್ಕು: ಏಪ್ರಿಲ್ 1ರಿಂದ ದೇಶಕ್ಕೆಲ್ಲ ಹೊಗೆ ಕಡಿಮೆ ಮಾಡುವ ಹೊಸ ಮಾನದಂಡದ ಬಿಎಸ್-6 (ಭಾರತ್ ಸ್ಟೇಜ್ 6) ಇಂಧನ ಬಂತು, ಗಂಧಕ 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50) ಇದ್ದದ್ದು 10ಕ್ಕೆ. ಲಾಕ್‌ಡೌನಿನ ಎಂಟನೇ ದಿನ! ಗಾಡಿಗಳೇ ಓಡದಿದ್ದಾಗ ಅದರ ಗುಣ ಎಷ್ಟು ಎಂದು ಬೇರ್ಪಡಿಸುವುದು ನನ್ನಿಂದಾಗದ ಕೆಲಸ. ಬಿಟ್ಟೆ.

ಹವಾಮಾನದ ಡೇಟಾಕ್ಕೆ ಯುರೋಪಿನ ಹವಾಮಾನ ಕೇಂದ್ರದ ಇಆರ್‌ಎ5 ಬಳಸಿದೆ. ಉಚಿತ. ಗಂಟೆಗಂಟೆಯ ಗಾಳಿ, ಉಷ್ಣತೆ, ಮಳೆ, ಜೊತೆಗೆ ಆ ಮಿಶ್ರಣದ ಎತ್ತರವೂ ಅದರಲ್ಲಿದೆ. ಅದು ಯಂತ್ರವಿಟ್ಟು ಅಳೆದದ್ದಲ್ಲ, ಅಳತೆಗಳನ್ನು ಕೂಡಿಸಿ ಕಂಪ್ಯೂಟರು ಕಟ್ಟಿದ ಚಿತ್ರ. ಅಂಗೈ ಅಗಲದ ಮೋಡ ಸುರಿಸುವ ನಮ್ಮ ಏಪ್ರಿಲ್ ಮಳೆ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಜಯನಗರದಲ್ಲಿ ಹೊಯ್ದು ವಿಜಯನಗರದಲ್ಲಿ ಒಣಗಿರುವ ಸಂಜೆಯನ್ನು ಅದು ಊರಿಗೆಲ್ಲ ತುಂತುರು ಎಂದು ಬರೆದುಬಿಡುತ್ತದೆ. ಹಾಗಾಗಿ ಮಳೆಗೆ ನನ್ನ ತಾರಸಿಯ ಪ್ಲಾಸ್ಟಿಕ್ ಮಳೆಮಾಪಕವನ್ನೇ ನಂಬಿದೆ. ದಿನಾ ಬೆಳಗ್ಗೆ ಅಮ್ಮ ನೋಡಿ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು.

ಇಆರ್‌ಎ5ರ ಗಡಿಯಾರ ಗ್ರೀನ್‌ವಿಚ್‌ನದು, ನಮ್ಮದು ಐದೂವರೆ ಗಂಟೆ ಮುಂದೆ. ಅದನ್ನು ಮರೆತು ಎರಡನ್ನೂ ಹಾಗೇ ಜೋಡಿಸಿದ್ದೆ. ಬೆಳಗ್ಗೆ ಎಂಟೂವರೆಗೇ ಸೂರು ಆಕಾಶಕ್ಕೇರಿದೆ, ನಟ್ಟನಡು ಮಧ್ಯಾಹ್ನ ಕುಸಿದಿದೆ ಎಂದು ಗ್ರಾಫು ಹೇಳಿದಾಗ ತಲೆ ಕೆರೆದುಕೊಂಡೆ. ಸರಿಪಡಿಸಿದ ಮೇಲೂ ಆ ಅರ್ಧ ಗಂಟೆ ಕಾಡಿತು. ಅವರ ಗಂಟೆ ನಮ್ಮ ಗಂಟೆಯ ನಡುವೆ ಬಂದು ಬೀಳುತ್ತದೆ. ಕೊನೆಗೆ ಸ್ಟೇಷನ್‌ಗಳ ಹದಿನೈದು ನಿಮಿಷದ ಡೇಟಾ ತೆಗೆದು, ನಮ್ಮ ಗಡಿಯಾರದ ಒಂದು ಅರ್ಧ ಗಂಟೆಯ ಗೆರೆಯಿಂದ ಮುಂದಿನ ಅರ್ಧಕ್ಕೆ (ಒಂಬತ್ತೂವರೆಯಿಂದ ಹತ್ತೂವರೆಗೆ, ಹೀಗೆ) ಸರಾಸರಿ ಮಾಡಿಕೊಂಡೆ. ಭಾರತದ ಡೇಟಾ ಮುಟ್ಟುವವರೆಲ್ಲ ಒಂದಲ್ಲ ಒಂದು ಸಲ ಈ ಗುಂಡಿಗೆ ಬಿದ್ದೇ ಏಳುತ್ತಾರೆ ಎಂದು ನನ್ನ ಅಂದಾಜು.

ಇನ್ನು ಊಹಿಸುವ ಯಂತ್ರ. ಬಳಸಿದ್ದು ರ್‍ಯಾಂಡಮ್ ಫಾರೆಸ್ಟ್. ಹೆಸರಿಗೆ ಹೆದರಬೇಡಿ. ಅರಳಿಕಟ್ಟೆಯ ಮೇಲೆ ಐನೂರು ಜನ ಹಿರಿಯರು ಕೂತಿದ್ದಾರೆ ಎಂದುಕೊಳ್ಳಿ. ಒಬ್ಬೊಬ್ಬರೂ ಹಿಂದಿನ ದಿನಗಳಲ್ಲಿ ಕೆಲವನ್ನಷ್ಟೇ ಕಂಡವರು. ಗಾಳಿ ಮಂದವೋ, ಹೊತ್ತು ಬೆಳಗ್ಗೆಯೋ, ವಾರ ಯಾವುದು, ಸೂರು ತಗ್ಗಿದೆಯೋ ಎಂದು ಪ್ರಶ್ನೆ ಕೇಳಿಕೊಂಡು ಒಬ್ಬೊಬ್ಬರೂ ಒಂದು ಅಂದಾಜು ಹೇಳುತ್ತಾರೆ. ಎಲ್ಲರ ಸರಾಸರಿಯೇ ತೀರ್ಪು. ಲಾಕ್‌ಡೌನಿಗೆ ಮುಂಚಿನ ದಿನಗಳನ್ನು ಮಾತ್ರ ಇವರಿಗೆ ತೋರಿಸಿ, ಆಮೇಲೆ ಏಪ್ರಿಲ್ 2020ರ ಹವಾಮಾನ ಕೊಟ್ಟು ‘ಹೇಳಿ’ ಅನ್ನಬೇಕು. ಇವರಿಗೆ ಬಂದ್ ಗೊತ್ತಿಲ್ಲ. ಇವರು ಹೇಳಿದ್ದಕ್ಕೂ ನಿಜಕ್ಕೂ ಇರುವ ಅಂತರವೇ ಬಂದ್‌ನ ಪಾಲು. ಗಾಳಿಯ ಡೇಟಾದಿಂದ ಹವಾಮಾನವನ್ನು ಸೋಸಿ ತೆಗೆಯಲು ಈ ದಾರಿ ಲಾಕ್‌ಡೌನಿಗೆ ಮುಂಚೆಯೇ ಬಳಕೆಯಲ್ಲಿತ್ತು, ಬ್ರಿಟನ್ನಿನ ಸಂಶೋಧಕರು ಬರೆದ ತಯಾರಿ ಕೋಡ್ ಉಚಿತವಾಗಿ ಸಿಗುತ್ತದೆ. ಒಂದು ಎಚ್ಚರ ಬೇಕು. ಈ ಹಿರಿಯರು ಎಂದೂ ಕಾಣದ ಹವಾಮಾನ ಬಂದರೆ ತಾವು ಕಂಡದ್ದರ ಅಂಚಿನಲ್ಲೇ ಉತ್ತರ ಹೇಳಿ ಸುಮ್ಮನಾಗುತ್ತಾರೆ.

ಮೊದಲ ಸಲ ಓಡಿಸಿದಾಗ ಮಾಡೆಲ್ ಅದ್ಭುತವಾಗಿ ಹೊಂದಿತು. ಅಷ್ಟು ಚೆನ್ನಾಗಿ ಹೊಂದಿದಾಗಲೇ ಅನುಮಾನಪಡಬೇಕಿತ್ತು. ಪರೀಕ್ಷೆಗೆಂದು ನಾನು ಅಲ್ಲೊಂದು ಇಲ್ಲೊಂದು ಗಂಟೆ ಮುಚ್ಚಿಟ್ಟಿದ್ದೆ. ಹತ್ತು ಗಂಟೆಯದನ್ನು ಮುಚ್ಚಿಟ್ಟರೆ ಏನಾಯಿತು, ಒಂಬತ್ತರದೂ ಹನ್ನೊಂದರದೂ ಕಣ್ಣ ಮುಂದೆಯೇ ಇವೆಯಲ್ಲ! ಪರೀಕ್ಷೆಯಲ್ಲಿ ಪಕ್ಕದವನ ಪೇಪರು ನೋಡಿ ಬರೆದ ಹಾಗೆ. ಆಮೇಲೆ ಇಡೀ ಇಡೀ ವಾರಗಳನ್ನು ಮುಚ್ಚಿಟ್ಟು ಪರೀಕ್ಷಿಸಿದೆ. ಅಂಕ ಇಳಿಯಿತು, ಆದರೆ ಅದು ಸ್ವಂತ ಅಂಕ.

ನನ್ನ ತಾರಸಿಯ ಡೇಟಾದ ಮೇಲೆ ಓಡಿಸಿದಾಗ ಮತ್ತೊಂದು ವಿಚಿತ್ರ ಕಂಡಿತು. ದಿನಾ ಬೆಳಗ್ಗೆ ಆರೂವರೆಯ ಸುಮಾರಿಗೆ ಒಂದು ಚೂಪು ಶಿಖರ. ಲಾಕ್‌ಡೌನಿನಲ್ಲೂ ಅದು ಒಂದಿಷ್ಟೂ ತಗ್ಗಿಲ್ಲ. ವಾರಗಳಲ್ಲಿ ಶುಕ್ರವಾರಕ್ಕೆ ಎಲ್ಲಕ್ಕಿಂತ ಹೆಚ್ಚು. ವಾರಾಂತ್ಯಕ್ಕೆ ಊರು ಬಿಡುವ ಗಾಡಿಗಳಿಂದ ಎಂದು 2019ರಲ್ಲಿ ನಾನು ವಿದ್ಯಾರ್ಥಿಗಳಿಗೆ ವಿವರಣೆಯನ್ನೂ ಕೊಟ್ಟಿದ್ದೆ. ಗಾಡಿಗಳೇ ಇಲ್ಲದ ಏಪ್ರಿಲ್‌ನಲ್ಲಿ ಅದು ಹೇಗೆ ಉಳಿಯಿತು? ಒಂದು ಶುಕ್ರವಾರ ಬೇಗ ಎದ್ದು ತಾರಸಿಗೆ ಹೋದೆ. ಅಮ್ಮ ತುಳಸಿಗೆ ಊದುಬತ್ತಿ ಹಚ್ಚಿ, ಸಾಂಬ್ರಾಣಿ ಹೊಗೆ ಹಾಕುತ್ತಿದ್ದಳು. ಹೊಗೆ ಗೋಡೆಗುಂಟ ಮೇಲೇರಿ ನೇರ ಐಸ್‌ಕ್ರೀಂ ಡಬ್ಬಿಯ ತೂತಿಗೆ ಹೋಗುತ್ತಿತ್ತು.

“ಅಮ್ಮಾ, ಉಬ್ಬಸ ಇಟ್ಕೊಂಡು ಇದೇನಿದು?”

“ದೇವರ ಹೊಗೆಗೆ ಉಬ್ಬಸ ಬರಲ್ಲ ಕಣೋ.”

ವಾದಿಸಲಿಲ್ಲ. ಆರರಿಂದ ಏಳೂವರೆಯವರೆಗಿನ ಡೇಟಾವನ್ನೇ ಎಲ್ಲ ದಿನಗಳಿಂದಲೂ ಕಿತ್ತುಹಾಕಿದೆ. ತೇವಾಂಶ ಶೇ. 80 ದಾಟಿದ ಗಂಟೆಗಳನ್ನೂ ತೆಗೆದೆ. ಕಣಗಳು ನೀರು ಹೀರಿ ಊದಿಕೊಂಡಾಗ ಲೇಸರ್ ಸೆನ್ಸರ್ ಮಂಜನ್ನೂ ಧೂಳೆಂದು ಎಣಿಸುತ್ತದೆ.

ಇಷ್ಟೆಲ್ಲ ಮಾಡಿಯೂ ಫಲಿತಾಂಶ ನೋಡುವ ಮುಂಚೆ ಇನ್ನೊಂದು ಕೆಲಸ ಮಾಡಿದೆ. ನನ್ನ ಮಟ್ಟಿಗೆ ಇಡೀ ಪ್ರಯತ್ನದಲ್ಲಿ ಅತಿ ಮುಖ್ಯವಾದದ್ದು ಇದೇ. 2019ರ ಮಾರ್ಚ್ 25ಕ್ಕೆ ಒಂದು ಸುಳ್ಳು ಲಾಕ್‌ಡೌನ್ ಹೇರಿದೆ. ಆ ದಿನಗಳನ್ನು ಮಾಡೆಲ್‌ನಿಂದ ಮುಚ್ಚಿಟ್ಟು, ‘ಬಂದ್‌ನ ಪಾಲು ಎಷ್ಟು?’ ಎಂದು ಕೇಳಿದೆ. ನಡೆಯದೇ ಇದ್ದ ಬಂದ್‌ಗೆ ಉತ್ತರ ಸೊನ್ನೆ ಬರಬೇಕು. ಬರಲಿಲ್ಲ. ಒಂದು ಸ್ಟೇಷನ್‌ನಲ್ಲಿ ಸ್ವಲ್ಪ ಇಳಿದಿದೆ ಎಂದಿತು, ಇನ್ನೊಂದರಲ್ಲಿ ಏರಿದೆ ಎಂದಿತು. ತಾರೀಖು ಬದಲಿಸಿ ಬದಲಿಸಿ ಹತ್ತಾರು ಸುಳ್ಳು ಬಂದ್‌ಗಳನ್ನು ಹೇರಿ, ಸೊನ್ನೆಯಿಂದ ಎಷ್ಟು ದೂರ ಅಲೆಯುತ್ತದೆ ಎಂದು ಬರೆದುಕೊಂಡೆ. ಆ ಅಲೆದಾಟದ ಅಗಲವೇ ನನ್ನ ತಕ್ಕಡಿಯ ಓಲಾಟ. ನಿಜವಾದ ಲಾಕ್‌ಡೌನಿನ ಇಳಿಕೆ ಅದರೊಳಗೇ ಬಿದ್ದರೆ, ಬಾಯಿ ಮುಚ್ಚಿಕೊಂಡಿರಬೇಕು.

ಕೊನೆಗೆ ಕಂಡದ್ದು ಹೀಗೆ. ನೈಟ್ರೋಜನ್ ಡೈಆಕ್ಸೈಡ್‌ನ ಇಳಿಕೆ ಓಲಾಟದಿಂದ ಎಷ್ಟೋ ಆಚೆ, ಅನುಮಾನಕ್ಕೆ ಎಡೆಯಿಲ್ಲ. ನಗರದಲ್ಲಿ ಅದು ಹೆಚ್ಚಾಗಿ ಗಾಡಿಗಳ ಎಂಜಿನ್ನು, ಡೀಸೆಲ್ ಜನರೇಟರುಗಳಿಂದ ಬರುತ್ತದೆ, ಬಿಟ್ಟ ಕೆಲವು ಗಂಟೆಗಳಲ್ಲೇ ಕರಗುತ್ತದೆ. ಹಾಗಾಗಿ ಇವತ್ತು ಗಾಡಿ ನಿಂತರೆ ಇವತ್ತೇ ತಿಳಿಯುತ್ತದೆ. ಒಟ್ಟು ಇಳಿಕೆಗಿಂತ ಅದರ ಆಕಾರ ನನ್ನ ಮನಸ್ಸಿನಲ್ಲಿ ನಿಂತಿತು. ಮಾಮೂಲಿ ದಿನಗಳಲ್ಲಿ ಬೆಳಗ್ಗೆ ಒಂದು, ರಾತ್ರಿ ಎಂಟರ ಆಸುಪಾಸು ಒಂದು, ಒಂಟೆಯ ಹಾಗೆ ಎರಡು ಡುಬ್ಬ. ಏಪ್ರಿಲ್‌ನಲ್ಲಿ ಡುಬ್ಬಗಳು ಚಪ್ಪಟೆ. ಮೇ 4ರಿಂದ ಸಡಿಲಿಕೆ, 19ರಿಂದ ಬಸ್ಸುಗಳು. ಡುಬ್ಬಗಳು ಒಂದೊಂದು ವಾರಕ್ಕೂ ಇಷ್ಟಿಷ್ಟೇ ಎದ್ದವು. ನಮ್ಮ ಬೀದಿಯ ಲೇತ್‌ಗಳ ಸದ್ದು ಅದಕ್ಕಿಂತ ಮುಂಚೆ ಬಂತು.

ಪಿಎಂ 2.5 ಬೇರೆ ಕಥೆ. ಹವಾಮಾನದ ಪಾಲು ಕಳೆದ ಮೇಲೆ ಇಳಿಕೆ ಗಮನಾರ್ಹವಾಗಿ ಕುಗ್ಗಿತು. ಇಲ್ಲವಾಗಲಿಲ್ಲ. ಕಾರಣ ಯೋಚಿಸಿದರೆ ಆಶ್ಚರ್ಯವೇನಿಲ್ಲ. ಇಂಧನ-ಪರಿಸರ ಸಂಶೋಧನೆ ಮಾಡುವ ಟೆರಿ ಸಂಸ್ಥೆ 2010ರಲ್ಲಿ ಬೆಂಗಳೂರಿನ ಪಿಎಂ 10ರ ಮೂಲಗಳನ್ನು ಪಟ್ಟಿಮಾಡಿದಾಗ ವಾಹನಗಳ ಪಾಲು ಶೇ. 42 ಎಂದಿತ್ತು, ಉಳಿದದ್ದು ರಸ್ತೆ ಧೂಳು, ಕಟ್ಟಡ ಕೆಲಸ, ಕಾರ್ಖಾನೆ, ಜನರೇಟರು, ಅಡುಗೆ. ಸಣ್ಣ ಕಣಗಳು ದಿನಗಟ್ಟಲೆ ತೇಲಿ ದೂರದಿಂದಲೂ ಬರುತ್ತವೆ, ಗಾಳಿಯಲ್ಲೇ ಅನಿಲಗಳು ಕೂಡಿ ಹೊಸದಾಗಿಯೂ ಹುಟ್ಟುತ್ತವೆ. ಜೊತೆಗೆ ಮಾರ್ಚ್-ಏಪ್ರಿಲ್ ಎಲೆ ಉದುರುವ ಕಾಲ. ಗುಡಿಸಿ ಮೂಲೆಗೆ ತಳ್ಳಿ ಬೆಂಕಿ ಹಚ್ಚುವುದನ್ನು ಯಾವ ಲಾಕ್‌ಡೌನೂ ನಿಲ್ಲಿಸಲಿಲ್ಲ, ಮನೆಯಲ್ಲೇ ಇದ್ದವರಿಗೆ ಅದೊಂದು ಕೆಲಸವಾಗಿತ್ತು. ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ದೀಪ ಹಚ್ಚಲು ಹೇಳಿದ್ದರಲ್ಲ, ನಮ್ಮ ಹಿಂದಿನ ಬೀದಿಯವರು ಪಟಾಕಿಯನ್ನೂ ಹಚ್ಚಿದರು. ಇಡೀ ತಿಂಗಳಲ್ಲಿ ನನ್ನ ಡಬ್ಬಿ ಕಂಡ ಅತಿ ಎತ್ತರದ ಗೆರೆ ಆ ರಾತ್ರಿಯದು.

ನೆಲದ ಬಳಿ ಇದ್ದರೆ ಉಸಿರಾಟಕ್ಕೆ ಕೆಡುಕಾದ ಓಝೋನ್ ಇಳಿಯಲೇ ಇಲ್ಲ. ಕೆಲವು ಸ್ಟೇಷನ್‌ಗಳಲ್ಲಿ, ಅದರಲ್ಲೂ ರಾತ್ರಿ, ಮಾಡೆಲ್ ಹೇಳಿದ್ದಕ್ಕಿಂತ ಹೆಚ್ಚೇ ಇತ್ತು. ಜಗತ್ತಿನ ಹಲವು ನಗರಗಳಲ್ಲಿ ಇದೇ ಆಯಿತು. ಎಂಜಿನ್ ಹೊಗೆಯ ಎನ್‌ಒ ಓಝೋನ್ ಜೊತೆ ಕೂಡಿ ಅದನ್ನು ಮುಗಿಸಿ ಎನ್‌ಒ2 ಆಗುತ್ತದೆ. ಗಾಡಿಗಳು ನಿಂತಾಗ ಓಝೋನನ್ನು ತಿನ್ನುವವರೇ ಕಡಿಮೆಯಾದರು, ಮೇಲೆ ಏಪ್ರಿಲ್ ಬಿಸಿಲು ಅದನ್ನು ಮಾಡುತ್ತಲೇ ಇತ್ತು. ಗಾಳಿ ಶುದ್ಧವಾಗಿದೆ, ದಿನವಿಡೀ ಕಿಟಕಿ ತೆಗೆದಿಡು ಎಂದು ಅಮ್ಮನಿಗೆ ನಾನೇ ಹೇಳಿದ್ದೆ. ಸುಡುಬಿಸಿಲಿನ ಮಧ್ಯಾಹ್ನಗಳಲ್ಲಿ ಅವಳ ಕೆಮ್ಮು ಕಡಿಮೆಯಾಗಿರಲಿಲ್ಲ. ಅದಕ್ಕೂ ಇದಕ್ಕೂ ಗಂಟು ಹಾಕುವಷ್ಟು ಪುರಾವೆ ಒಬ್ಬಳ ಕೆಮ್ಮಿನಲ್ಲಿಲ್ಲ. ಆದರೂ ಎರಡರಿಂದ ಐದರವರೆಗೆ ಪಡಸಾಲೆಯ ಕಿಟಕಿ ಮುಚ್ಚತೊಡಗಿದೆ.

ಶೇಕಡಾ ಎಷ್ಟು ಎಂದು ಕೇಳುವವರಿಗೆ: ಇಲ್ಲಿ ಬರೆಯುವುದಿಲ್ಲ. ಒಮ್ಮೆ ಸುಟ್ಟುಕೊಂಡಿದ್ದೇನೆ. ಸಂಖ್ಯೆ ಬರೆದರೆ ಸಂಖ್ಯೆ ಮಾತ್ರ ಓಡಾಡುತ್ತದೆ, ಅದರ ಜೊತೆಗಿನ ‘ಹೆಚ್ಚುಕಡಿಮೆ ಇಷ್ಟು’ ಮೊದಲ ಫಾರ್ವರ್ಡಿಗೇ ಉದುರಿಹೋಗುತ್ತದೆ. 2021ರ ಜನವರಿಯಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರ ನೇತೃತ್ವದ ತಂಡವೊಂದು ದೆಹಲಿಯೂ ಸೇರಿ ಹನ್ನೊಂದು ನಗರಗಳ ಮೇಲೆ ಇಂಥದ್ದೇ ಲೆಕ್ಕ ಮಾಡಿ, ಬದಲಾವಣೆ ನಿಜ, ಆದರೆ ನಿರೀಕ್ಷೆಗಿಂತ ಚಿಕ್ಕದು ಎಂದು ಹೇಳಿದಾಗ, ನನ್ನ ಐಸ್‌ಕ್ರೀಂ ಡಬ್ಬಿಯ ಮೇಲೆ ಒಂದಿಷ್ಟು ಗೌರವ ಮೂಡಿತು.

ಹವಾಮಾನದ ಕೈ ಎಷ್ಟು ದೊಡ್ಡದು ಎಂಬುದಕ್ಕೆ ಊರೇ ಇನ್ನೊಂದು ಪ್ರಯೋಗ ಮಾಡಿಕೊಟ್ಟಿತು. 2020ರ ಜುಲೈ 14ರ ರಾತ್ರಿಯಿಂದ 22ರ ಬೆಳಗ್ಗೆಯವರೆಗೆ ಬೆಂಗಳೂರಿಗೆ ಮತ್ತೆ ಲಾಕ್‌ಡೌನ್. ಧೂಳಿನ ಗೆರೆಯಲ್ಲಿ ಹುಡುಕಿದರೂ ಏನೂ ಕಾಣಲಿಲ್ಲ. ಮುಂಗಾರಿನ ಪಶ್ಚಿಮ ಗಾಳಿ ಅಷ್ಟರಲ್ಲಾಗಲೇ ಊರನ್ನು ಗುಡಿಸಿ ಸಾರಿಸಿತ್ತು, ಬಂದ್‌ಗೆ ಗುಡಿಸಲು ಏನೂ ಉಳಿದಿರಲಿಲ್ಲ. ಇದರ ತದ್ವಿರುದ್ಧ ಅದೇ ವರ್ಷ ಫೆಬ್ರವರಿಯಲ್ಲಿ ಬೀಜಿಂಗ್‌ನಲ್ಲಿ ಆಗಿತ್ತು. ಊರು ಹೆಚ್ಚುಕಡಿಮೆ ನಿಂತಿದ್ದರೂ ಗಾಳಿಯಾಡದೆ, ತೇವ ಹೆಚ್ಚಿ, ದಟ್ಟ ಹೊಗೆಮಂಜು ಕವಿದಿತ್ತು. ಜುಲೈನ ಆ ವಾರದ ಗ್ರಾಫನ್ನು ಪಕ್ಕದ ಮನೆಯವರಿಗೆ ತೋರಿಸಿದೆ. “ಹಾಗಾದ್ರೆ ಮೆಷೀನ್ ಕೆಟ್ಟಿದೆ ಸಾರ್” ಅಂದರು. ಮೇ 20ರ ಮಧ್ಯಾಹ್ನ ಯುದ್ಧವಿಮಾನದ ಸದ್ದಿಗೆ ಊರೆಲ್ಲ ಬೆಚ್ಚಿಬಿದ್ದಾಗಲೂ ನನ್ನ ಮೆಷೀನೇ ಸಿಡಿಯಿತೇನೋ ಎಂದು ಫೋನು ಮಾಡಿದ್ದವರು ಅವರು.

ಪೂರ್ತಿ ತಪ್ಪೂ ಹೇಳಲಿಲ್ಲ ಅವರು. 2021ರ ಏಪ್ರಿಲ್ 27ರಿಂದ ಎರಡನೇ ಅಲೆಯ ಬಂದ್ ಬಂದಾಗ ಅದೇ ಲೆಕ್ಕವನ್ನು ಮತ್ತೆ ಮಾಡಲು ಕೂತರೆ, ಡಬ್ಬಿ ಸಾಣೇಗುರವನಹಳ್ಳಿ ಸ್ಟೇಷನ್ನಿಗಿಂತ ತಿಂಗಳಿಂದ ತಿಂಗಳಿಗೆ ಕೆಳಗೆ ಕೆಳಗೆ ಓದುತ್ತಿತ್ತು. ಎರಡು ವರ್ಷ ಧೂಳು ಕುಡಿದ ಫ್ಯಾನು ಸೋತಿತ್ತು, ಲೇಸರ್ ಮಂಕಾಗಿತ್ತು. ಅದನ್ನು ನಂಬಿದ್ದರೆ 2021ರ ಗಾಳಿ 2020ಕ್ಕಿಂತ ಚೆನ್ನ ಎಂದು ಹೇಳಿಬಿಡುತ್ತಿದ್ದೆ. ಆ ವರ್ಷದ ತಾರಸಿ ಡೇಟಾ ಪೂರ್ತಿ ಬದಿಗಿಟ್ಟೆ.

ಹೊಸ ಸೆನ್ಸರ್ ತಂದು ತಕ್ಷಣ ಹಳೆಯದನ್ನು ಬಿಚ್ಚಲಿಲ್ಲ. ಎರಡೂ ಒಂದೇ ಗಾಳಿಯನ್ನು ಎಷ್ಟೆಷ್ಟು ಓದುತ್ತವೆ ಎಂದು ತಿಳಿಯಲು ದೊಡ್ಡ ಡಬ್ಬಿಯೊಂದರಲ್ಲಿ ಅಕ್ಕಪಕ್ಕ ಕೂರಿಸಿ ಒಂದು ತಿಂಗಳು ಬಿಟ್ಟೆ. ಆ ಒಂದು ತಿಂಗಳು ಊದುಬತ್ತಿ ಬೇಡ ಎಂದು ಅಮ್ಮನನ್ನು ಕೇಳಿಕೊಂಡೆ. ಅವಳು ಒಪ್ಪಲಿಲ್ಲ. ತುಳಸಿ ಕಟ್ಟೆಯನ್ನು ಸರಿಸಲಾಗದು, ಡಬ್ಬಿಯನ್ನು ಸರಿಸು ಅಂದಳು. ಈಗ ಅದು ನೀರಿನ ಟ್ಯಾಂಕಿನ ಆಚೆ ಬದಿಯಲ್ಲಿದೆ.